ಮೇಲ್ಮನೆಯಲ್ಲಿ ಟೈಲ್ಸ್ ಒಡೆತ, ನಮ್ಮಲ್ಲಿ ಅಡುಗೆಮನೆ ಕೆಲಸ: ಈ ಸೆಕೆಯಲ್ಲಿ ಸದ್ದು ತಗ್ಗಿಸಲು ಏನು ಮಾಡಬಹುದು?

ಕೆಳಮನೆ_202

ಬೆಂಗಳೂರು, ಐದು ಮಹಡಿಯ ಅಪಾರ್ಟ್‌ಮೆಂಟ್, ಎರಡನೇ ಮಹಡಿಯಲ್ಲಿ 2ಬಿಎಚ್‌ಕೆ. ಮಾಮೂಲಿ ಆರ್‌ಸಿಸಿ ಕಂಬ-ಬೀಮ್ ಕಟ್ಟಡ. ಹೊರಗೋಡೆ 6 ಇಂಚು ಸಾಲಿಡ್ ಬ್ಲಾಕ್, ಒಳಗೋಡೆ 4 ಇಂಚು. ಕಿಟಕಿಗಳು ಮೂರು ಟ್ರ್ಯಾಕಿನ ಅಲ್ಯೂಮಿನಿಯಂ ಸ್ಲೈಡಿಂಗ್, 5 ಎಂಎಂ ಗಾಜು, ಒಂದು ಟ್ರ್ಯಾಕಿನಲ್ಲಿ ಸೊಳ್ಳೆ ಪರದೆ. ತಲೆಬಾಗಿಲು ಫ್ಲಶ್ ಡೋರ್, ಕೆಳಗೆ ಒಂದು ಬೆರಳು ತೂರುವಷ್ಟು ಸಂದು.

ಏಪ್ರಿಲ್ ಎರಡನೇ ವಾರದಿಂದ ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ಎರಡೂ ಬಾತ್‌ರೂಮ್ ಒಡೆದು ಹೊಸದು ಮಾಡುತ್ತಾರೆ, ಹಾಲ್‌ನ ಟೈಲ್ಸ್ ಕೂಡ ಬದಲು. ಆರು ವಾರ ಎಂದಿದ್ದಾರೆ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ ಕೆಲಸವೂ ಇದೆ: ಚಿಮಣಿ, ಹೊಸ ಗ್ರಾನೈಟ್, ಗೋಡೆ ಕಪಾಟು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಒಬ್ಬರಿಗೆ ಮನೆಯಿಂದಲೇ ಆಫೀಸು.

ಕೇಳಬೇಕಾದ್ದು ಮೂರು. ಒಂದು, ಕಿಟಕಿ ಮುಚ್ಚಿ ಕೂತರೆ ಬೆಂದು ಹೋಗುತ್ತೇವೆ, ತೆಗೆದರೆ ಸದ್ದು, ದಾರಿ ಏನು? ಎರಡು, ಒಬ್ಬ ಇಂಟೀರಿಯರ್‌ನವರು ಮಲಗುವ ಕೋಣೆಯ ಗೋಡೆಗೆ ಕಪ್ಪು ಅಕೌಸ್ಟಿಕ್ ಫೋಮ್, ಮೇಲೆ ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿದರೆ "ಸೌಂಡ್ ಪ್ರೂಫ್" ಆಗುತ್ತದೆ ಎನ್ನುತ್ತಾರೆ, ನಿಜವೇ? ಮೂರು, ನಮ್ಮ ಕೆಲಸದಿಂದ ಅಕ್ಕಪಕ್ಕದವರಿಗೆ ಕಡಿಮೆ ತೊಂದರೆಯಾಗಲು ಮೇಸ್ತ್ರಿಗೆ ಏನೇನು ಹೇಳಬೇಕು?

ಶಬ್ದವೇಧಿ

ದುಡ್ಡು ಬಿಚ್ಚುವ ಮೊದಲು ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡಿ. ದಾರಿ ಎರಡೇ: ಗಾಳಿ, ಇಲ್ಲವೇ ಕಾಂಕ್ರೀಟು. ಮೇಲೆ ಬ್ರೇಕರ್ (ಟೈಲ್ಸ್, ಕಾಂಕ್ರೀಟು ಒಡೆಯುವ ಯಂತ್ರ) ಓಡುವಾಗ ಕಿಟಕಿ ಪೂರ್ತಿ ತೆಗೆದು ಕೇಳಿ, ಆಮೇಲೆ ಮುಚ್ಚಿ ಕೇಳಿ. ಏನೂ ವ್ಯತ್ಯಾಸ ತಿಳಿಯದಿದ್ದರೆ ಅದು ಸ್ಲ್ಯಾಬು, ಕಂಬಗಳ ಮೂಲಕ ಇಳಿಯುತ್ತಿರುವ ಸದ್ದು. ಸ್ಟೀಲ್ ಲೋಟದಲ್ಲಿ ನೀರು ತುಂಬಿ ಕಂಬದ ಬುಡದಲ್ಲಿ ನೆಲದ ಮೇಲಿಟ್ಟರೆ, ಕೆಲವೊಮ್ಮೆ ನೀರಿನ ಮೇಲೆ ಸಣ್ಣ ಉಂಗುರಗಳು ಏಳುವುದೂ ಕಣ್ಣಿಗೆ ಕಾಣುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಹೆಚ್ಚು. ಕಾಂಕ್ರೀಟು ಅದನ್ನು ಹೀರಿಕೊಳ್ಳುವುದೂ ತೀರಾ ಕಡಿಮೆ. ಎರಡು ಮಹಡಿ ಕೆಳಗೆ ಕೊರೆದರೂ ಪಕ್ಕದ ಕೋಣೆಯಲ್ಲೇ ಕೊರೆದಂತೆ ಕೇಳುವುದು ಇದಕ್ಕೇ.

ಈ ಎರಡನೇ ಬಗೆಯ ಸದ್ದಿಗೆ ನಿಮ್ಮ ಮನೆಯೊಳಗೆ ಮದ್ದಿಲ್ಲ ಎಂದೇ ಇಟ್ಟುಕೊಳ್ಳಿ. ಮೇಲಿನಿಂದ ಬಂದದ್ದು ನಾಲ್ಕೂ ಗೋಡೆಗಳಲ್ಲಿ ಇಳಿದು ಗೋಡೆಯೇ ಸ್ಪೀಕರ್ ಆಗುತ್ತದೆ. ಅದನ್ನು ಮೂಲದಲ್ಲೇ ತಗ್ಗಿಸಬೇಕು, ಇಲ್ಲವೇ ಆ ಹೊತ್ತಿನಲ್ಲಿ ಮನೆಯಲ್ಲಿರಬಾರದು. ಆರು ವಾರದ ಕೆಲಸದಲ್ಲಿ ನಿಜವಾದ ಒಡೆತ ಬಾತ್‌ರೂಮಿಗೆ ಎರಡು-ಮೂರು ದಿನ, ಹಾಲ್‌ಗೆ ಇನ್ನೆರಡು-ಮೂರು ದಿನ. ಆ ತಾರೀಖುಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಒಂದು ವಾರದ ಬ್ರೇಕರಿಗೆ ಹೆದರಿ ಲಕ್ಷದ ಕಿಟಕಿ ಹಾಕಿಸುವುದು ದಡ್ಡತನ.

ಉಳಿದ ಐದು ವಾರದ ಕಟಿಂಗ್ ಮಷೀನು, ಕೂಗಾಟ, ಲಿಫ್ಟ್ ಮುಂದೆ ಚೀಲ ಎತ್ತಿಹಾಕುವುದು, ಇವೆಲ್ಲ ಬಹುಮಟ್ಟಿಗೆ ಗಾಳಿಯಲ್ಲಿ ಬರುವವು. ಇವಕ್ಕೆ ಮಾಡಬಹುದಾದ್ದು ಬಹಳಷ್ಟಿದೆ.

ಮೊದಲು ಫೋಮಿನ ವಿಷಯ. ಅದು ಕೋಣೆಯೊಳಗಿನ ಪ್ರತಿಧ್ವನಿ ಹೀರುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಊದಿದರೆ ಗಾಳಿ ಆಚೆ ಹೋಗುವ ವಸ್ತು ಸದ್ದು ತಡೆಯಲಾರದು. ತಡೆಯುವುದು ತೂಕ ಮತ್ತು ಸಂದಿಲ್ಲದ ಬಿಗಿ. ಮೊಟ್ಟೆ ಟ್ರೇ, ಥರ್ಮಾಕೋಲು ಎಲ್ಲ ಇದೇ ಸಾಲಿಗೆ. ಸದ್ಯಕ್ಕೆ ಆ ದುಡ್ಡು ಉಳಿಸಿ.

ಈಗ ನಿಮ್ಮ ಬಾಗಿಲು. 3 ಅಡಿ ಅಗಲ, 7 ಅಡಿ ಎತ್ತರದ ಬಾಗಿಲಿನ ಕೆಳಗೆ 10 ಎಂಎಂ ಸಂದಿದ್ದರೆ, ಅದು ಬಾಗಿಲಿನ ವಿಸ್ತೀರ್ಣದಲ್ಲಿ ಶೇ. 0.5ಕ್ಕಿಂತ ಕಡಿಮೆ. ಆದರೆ ಲೆಕ್ಕ ಹಾಕಿದರೆ, ಬಾಗಿಲನ್ನು ಉಕ್ಕಿನಲ್ಲೇ ಮಾಡಿಸಿದರೂ ಒಟ್ಟು ತಡೆ ಸುಮಾರು 23 ಡೆಸಿಬೆಲ್ ದಾಟುವುದಿಲ್ಲ. ಶೇ. 1 ಸಂದು ಇದ್ದರೆ 20 ಡೆಸಿಬೆಲ್ಲಿಗೇ ಮುಗಿಯಿತು. ಆದ್ದರಿಂದ ಮೊದಲ ಖರ್ಚು ಇಲ್ಲಿ. ಮೂರು ಬದಿಗೆ ಡಿ ಆಕಾರದ ಇಪಿಡಿಎಂ ರಬ್ಬರ್ ಪಟ್ಟಿ ಬೇಕು, ಅಳತೆ 2.1 + 2.1 + 0.9, ಅಂದರೆ 5.1 ಮೀಟರ್, 6 ಮೀಟರಿನ ಸುರುಳಿ ತನ್ನಿ. ಚೌಕಟ್ಟನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ ಅಂಟಿಸಿ. ಧೂಳಿನ ಮೇಲೆ, ಸಿಪ್ಪೆ ಏಳುತ್ತಿರುವ ಪೇಂಟಿನ ಮೇಲೆ ಅಂಟಿಸಿದ್ದು ಹದಿನೈದು ದಿನ ಬಾಳುವುದಿಲ್ಲ. ಪಟ್ಟಿ ದಪ್ಪವಾದರೆ ಬಾಗಿಲಿನ ನಾಲಿಗೆ ಕೂರುವುದಿಲ್ಲ, ಜನ ಜೋರಾಗಿ ದಬ್ಬಲು ಶುರು ಮಾಡುತ್ತಾರೆ, ಕೊನೆಗೆ ಅದೇ ಹೊಸ ಸದ್ದು. ಪರೀಕ್ಷೆ ಸುಲಭ: ಬಾಗಿಲಿನ ಸಂದಿಗೆ ಒಂದು ಕಾಗದದ ಚೂರು ಇಟ್ಟು ಮುಚ್ಚಿ. ಎಳೆದರೆ ಸರಾಗವಾಗಿ ಬಂದರೆ ಅಲ್ಲಿ ಸದ್ದಿಗೂ ದಾರಿ ಇದೆ. ಕೆಳಗಿನ ಸಂದಿಗೆ, ಬಾಗಿಲು ಮುಚ್ಚಿದಾಗ ತಾನಾಗಿ ಇಳಿಯುವ ಡ್ರಾಪ್ ಸೀಲ್ ಒಳ್ಳೆಯದು. ಬ್ರಷ್ ಪಟ್ಟಿ ಜಿರಲೆಗೆ ಸಾಕು, ಸದ್ದಿಗೆ ಸಾಲದು.

ಕಿಟಕಿಯಲ್ಲಿ ಗಾಜಿಗಿಂತ ಪೈಲ್ ನೋಡಿ. ಶಟರಿನ ಅಂಚಿನ ಸಣ್ಣ ತೋಡಿನಲ್ಲಿ ಕೂರುವ ಆ ಬೂದು ಬಣ್ಣದ ನೂಲಿನ ಪಟ್ಟಿ ಹತ್ತು ವರ್ಷದಲ್ಲಿ ಚಪ್ಪಟೆಯಾಗಿ, ಎರಡು ಶಟರ್ ಸೇರುವ ಜಾಗದಲ್ಲಿ ಬೆಳಕು ಕಾಣುವಷ್ಟಾಗಿರುತ್ತದೆ. ಒಂದು ತುಂಡು ಕಿತ್ತು ಅಲ್ಯೂಮಿನಿಯಂ ಅಂಗಡಿಗೇ ಒಯ್ಯಿರಿ, ಬುಡದ ಅಗಲ, ನೂಲಿನ ಎತ್ತರ ಎರಡೂ ಹೊಂದಬೇಕು. ಎತ್ತರ ಒಂದು ಎಂಎಂ ಹೆಚ್ಚಾದರೂ ಶಟರ್ ಬಿಗಿಯಾಗಿ ರೋಲರ್ ಸವೆಯುತ್ತದೆ. ಮಧ್ಯೆ ಪ್ಲಾಸ್ಟಿಕ್ ಹಾಳೆ ಇರುವ ಪೈಲ್ ಸಿಕ್ಕರೆ ಅದನ್ನೇ ತನ್ನಿ. ಚೌಕಟ್ಟಿಗೂ ಗೋಡೆಗೂ ನಡುವೆ ಬಿರುಕಿದ್ದರೆ ನ್ಯೂಟ್ರಲ್ ಸಿಲಿಕೋನ್ ತುಂಬಿ. ಹುಮ್ಮಸ್ಸಿನಲ್ಲಿ ಕೆಳಗಿನ ಟ್ರ್ಯಾಕಿನ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ; ಮೊದಲ ಮುಂಗಾರಿನ ಮಳೆಗೇ ನೀರು ಕೋಣೆಯೊಳಗೆ.

ಎಲ್ಲರೂ ಮರೆಯುವುದು ಬಾತ್‌ರೂಮಿನ ಡಕ್ಟ್, ಅಂದರೆ ಪೈಪುಗಳು ಇಳಿಯುವ ಕಿರಿದಾದ ತೆರಪು. ಎಲ್ಲ ಮಹಡಿಯ ಬಚ್ಚಲುಗಳ ವೆಂಟಿಲೇಟರ್ ಅದಕ್ಕೇ ತೆರೆದಿರುವುದರಿಂದ ಮೇಲಿನ ಮನೆಯ ಬಾತ್‌ರೂಮ್ ಒಡೆತ ಅದರಲ್ಲಿ ಕೊಳವೆಯಲ್ಲಿ ಇಳಿದಂತೆ ಇಳಿದು, ನಿಮ್ಮ ಲೂವರ್ ಗಾಜುಗಳ ಸಂದಿಯಿಂದ ಬಂದು, ಬಾತ್‌ರೂಮ್ ಬಾಗಿಲಿನ ಕೆಳಗಿನಿಂದ ಮಲಗುವ ಕೋಣೆಗೆ ನುಗ್ಗುತ್ತದೆ. ಹಗಲು ಬಾತ್‌ರೂಮ್ ಬಾಗಿಲು ಮುಚ್ಚಿ, ಅದರ ಬುಡಕ್ಕೆ ಒದ್ದೆ ಟವೆಲ್ ಸುತ್ತಿಡಿ, ಧೂಳೂ ನಿಲ್ಲುತ್ತದೆ. ಆದರೆ ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನ ವೆಂಟಿಲೇಟರ್ ಯಾವ ಕಾರಣಕ್ಕೂ ಮುಚ್ಚಬೇಡಿ. ಅದು ಉರಿಯುವಾಗ ಗಾಳಿಯಾಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ವಾಸನೆಯೂ ಬರುವುದಿಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ಅಡುಗೆಮನೆಯ ಗಾಳಿ ಕಿಂಡಿಗಳಿಗೂ ಇದೇ ಮಾತು.

ಸೆಕೆಗೆ: ನಾಲ್ಕೂ ಕಡೆ ಕಿಟಕಿ ಮುಚ್ಚುವ ಅಗತ್ಯವಿಲ್ಲ. ಕೆಲಸದ ಬದಿಯವು, ಡಕ್ಟ್ ಬದಿಯವು ಮುಚ್ಚಿ, ಎದುರು ಬದಿಯದ್ದು ಅರ್ಧ ಅಡಿ ತೆಗೆದು, ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಗಾಳಿ ಶಾಂತವಾದ ಕಡೆಯಿಂದಲೇ ಎಳೆಯುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಮೇಲೆ ತಂಪಾಗುತ್ತದೆ. ರಾತ್ರಿಯಿಂದ ಬೆಳಿಗ್ಗೆ ಒಂಬತ್ತರವರೆಗೆ ಎಲ್ಲ ತೆರೆದಿಟ್ಟು ಗೋಡೆ-ನೆಲ ತಣಿಸಿ, ಕೆಲಸ ಶುರುವಾಗುವ ಹೊತ್ತಿಗೆ ಮುಚ್ಚಿ ಪರದೆ ಎಳೆಯಿರಿ. ಪಡುವಣ ಬಿಸಿಲಿನ ಕಿಟಕಿಯನ್ನಂತೂ ಹೇಗೂ ಮುಚ್ಚಬೇಕು.

ತೂಗುಗುಂಡು

ಶಬ್ದವೇಧಿ ಹೇಳಿದ್ದು ಸರಿ, ಮೂಲದಲ್ಲಿ ತಗ್ಗಿಸುವುದೇ ಮದ್ದು. ಅದು ಹೇಗೆ ಅಂತ ಹೇಳ್ತೀನಿ, ನಿಮ್ಮ ಮೇಲ್ಮನೆಯವರಿಗೂ ತೋರಿಸಿ.

ಹಾಲ್‌ನ ಟೈಲ್ಸ್ ಒಡೀಲೇಬೇಕಾ ಅಂತ ಮೊದಲು ಕೇಳಿ. ನಾಣ್ಯದಲ್ಲಿ ಒಂದೊಂದೇ ಟೈಲ್ ತಟ್ಟಿ ನೋಡಿ. ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಅಡಿ ಟೊಳ್ಳು. ಬಹುಪಾಲು ಗಟ್ಟಿಯಿದ್ರೆ ಟೊಳ್ಳಾದವನ್ನಷ್ಟೇ ಎಬ್ಬಿಸಿ, ತುಂಬಿ, ಟೈಲ್ ಮೇಲೆ ಟೈಲ್ ಹಾಕಬಹುದು. ಮಾಮೂಲಿ ಸಿಮೆಂಟ್ ಗಾರೆ ಅಲ್ಲ, ಚೀಲದ ಮೇಲೆ ಐಎಸ್ 15477 ಗುರುತು, ಟೈಲ್ ಮೇಲೆ ಟೈಲ್‌ಗೆ ಆಗುತ್ತೆ ಅನ್ನೋ ಬರಹ ಎರಡೂ ಇರೋ ಪಾಲಿಮರ್ ಅಂಟು. 3 ಎಂಎಂ ಹಾಸಿದ್ರೆ 20 ಕೆಜಿ ಚೀಲ ಸುಮಾರು 50 ಚದರಡಿಗೆ ಬರುತ್ತೆ. ಹಳೆ ಟೈಲ್‌ನ ಎಣ್ಣೆ-ಮೇಣ ತೊಳೆದಿರಬೇಕು, ಹೊಳಪು ಟೈಲ್ ಆದ್ರೆ ಉಜ್ಜಿ ಒರಟು ಮಾಡಿರಬೇಕು. ಇಲ್ಲಾಂದ್ರೆ ವರ್ಷದೊಳಗೆ ಹಾಳೆ ಹಾಳೆ ಏಳುತ್ತೆ. ನೆಲ 12-13 ಎಂಎಂ ಏರುತ್ತೆ, ಎಲ್ಲ ಬಾಗಿಲುಗಳ ಬುಡ ಹತ್ತರಿ ಹೊಡೀಬೇಕು, ಬಾಲ್ಕನಿ ಕಡೆ ನೆಲದ ಮಟ್ಟ ನೋಡ್ಕೋಬೇಕು. ಭಾರ ಚದರ ಮೀಟರಿಗೆ 25 ಕೆಜಿ ಆಸುಪಾಸು ಸೇರುತ್ತೆ, ಒಂದು ಪದರಕ್ಕೆ ತೊಂದರೆ ಇಲ್ಲ. ಮೂರನೇ ಪದರ ಯಾರೂ ಕನಸಲ್ಲೂ ಹಾಕಬೇಡಿ.

ಬಾತ್‌ರೂಮಿಗೆ ಮಾತ್ರ ಈ ಉಪಾಯ ಒತ್ತಾಯ ಮಾಡಬೇಡಿ. ನಿಮ್ಮ ಬಚ್ಚಲಿನ ಸೀಲಿಂಗ್‌ನಲ್ಲಿ ನೀರಿನ ಕಲೆ, ಉಪ್ಪು ಬಿಟ್ಟಿದ್ರೆ ಮೇಲಿನ ವಾಟರ್‌ಪ್ರೂಫಿಂಗ್ ಹೋಗಿದೆ. ಅವರು ಒಡೆದು ಹೊಸದಾಗಿ ಮಾಡೋದು ನಿಮ್ಮ ಒಳ್ಳೇದಕ್ಕೇ. ಟೈಲ್ಸ್ ಹಾಕೋ ಮುಂಚೆ 48 ಗಂಟೆ ನೀರು ನಿಲ್ಲಿಸಿ ತೋರಿಸಿ ಅಂತ ಕೇಳಿ, ಕೆಳಗಿನಿಂದ ನೀವೇ ನೋಡಿ.

ಒಡೆಯೋ ರೀತಿ. ಹುಡುಗರು ಚೂಪು ಮೂತಿಯ ಉಳಿ ಹಾಕಿ ಬ್ರೇಕರನ್ನ ನೆಟ್ಟಗೆ ಕೆಳಗೆ ಒತ್ತಿ ಹಿಡೀತಾರೆ. ಆಗ ಪ್ರತಿ ಏಟೂ ಟೈಲ್ ದಾಟಿ ಸ್ಲ್ಯಾಬಿಗೇ ಬೀಳುತ್ತೆ. ಅದರ ಬದಲು:

ಮೊದಲು ಗೋಡೆ ಬುಡದ ಸ್ಕರ್ಟಿಂಗ್ ಕೈಯುಳಿಯಲ್ಲಿ ಬಿಡಿಸಿ. ಆಮೇಲೆ ಗೋಡೆಯ ಉದ್ದಕ್ಕೂ ಕಟಿಂಗ್ ಮಷೀನಿಂದ ನೀರು ಬಿಡ್ತಾ ಒಂದು ಗೆರೆ ಕೊಯ್ಯಿಸಿ, ಟೈಲ್ ದಪ್ಪದಷ್ಟೇ ಆಳ. ಇದರಿಂದ ನೆಲದ ಏಟು ಗೋಡೆಗೆ ಹತ್ತೋದು ಕಡಿಮೆ. ಟೊಳ್ಳಿರೋ ಟೈಲ್‌ನಿಂದ ಶುರು ಮಾಡಿ ಒಂದು ಬದಿ ತೆರೆದ್ಕೊಂಡು, 50 ಎಂಎಂ ಅಗಲದ ಚಪ್ಪಟೆ ಉಳಿನ 20-30 ಡಿಗ್ರಿ ಓರೆಯಾಗಿ ಟೈಲ್ ಅಡಿಗೆ ತೂರಿಸಿದ್ರೆ ಟೈಲ್ ಎದ್ದು ಬರುತ್ತೆ, ಒಡೆಯೋದೇ ಬೇಡ. ಇದಕ್ಕೆ 5 ಕೆಜಿ ದರ್ಜೆಯ ಮಷೀನ್ ಧಾರಾಳ ಸಾಕು. ಹತ್ತು-ಹದಿನೈದು ಕೆಜಿ ಬ್ರೇಕರ್ ರಸ್ತೆ ಒಡೆಯೋಕೆ, ಮನೆಯೊಳಗೆ ತರಬಾರದು. ಬಾತ್‌ರೂಮಿನ ಕೊನೆಯ ಎರಡು ಇಂಚು, ಪೈಪ್ ಹತ್ರ, ಕೈಯುಳಿ-ಸುತ್ತಿಗೆಯಲ್ಲೇ.

ಇನ್ನೊಂದು, ಕಬ್ಬಿಣದ ಬಾಂಡ್ಲಿ. ಚೂರು ತುಂಬಿದ ಬಾಂಡ್ಲಿನ ಬರೀ ನೆಲದ ಮೇಲೆ ಎಳೆದ್ರೆ ಬ್ರೇಕರಿಗಿಂತ ಹೆಚ್ಚು ರೇಗುತ್ತೆ ಕೆಳಗಿನವರಿಗೆ. ರಬ್ಬರ್ ಬಾಂಡ್ಲಿ ತರಿಸಿ, ಚೂರು ಹಾಕೋ ಜಾಗದಲ್ಲಿ ನಾಲ್ಕು ಪದರ ಗೋಣಿಚೀಲ ಹಾಸಿ. ಅಷ್ಟೇ.

ಇನ್ನು ನಿಮ್ಮ ಅಡುಗೆಮನೆ.

ಚಿಮಣಿ ಪೈಪಿಗೆ 6 ಇಂಚಿನ ತೂತು: ಉಳಿ ಹಾಕಿ ಒಡೆಸಬೇಡಿ, ಕೋರ್ ಕಟಿಂಗ್‌ನವರನ್ನ ಕರೆಸಿ. ಡೈಮಂಡ್ ಬಿಟ್ ತಿರುಗಿ ಕೊಯ್ಯುತ್ತೆ, ಗುದ್ದೋದಿಲ್ಲ. ಬ್ಲಾಕ್ ಗೋಡೆ ಆದ್ರೆ ಸ್ವಲ್ಪ ಹೊತ್ತಿನ ಕೆಲಸ, ತೂತೂ ದುಂಡಗೆ, ಮತ್ತೆ ಗಾರೆ ಬೇಡ. ನೀರು ಬೇಕಾಗುತ್ತೆ, ಹೊರಗಡೆಗೆ ಬೂದಿ ನೀರು ಇಳಿದು ಕೆಳಮನೆ ಬಟ್ಟೆ ಮೇಲೆ ಬೀಳದ ಹಾಗೆ ಆಚೆ ಒಬ್ಬ ಬಕೆಟ್ ಹಿಡ್ಕೊಂಡಿರಲಿ. ಬೀಮು, ಕಂಬದಲ್ಲಿ ಕೋರ್ ಹಾಕೋ ಮಾತೇ ಇಲ್ಲ.

ಗ್ರಾನೈಟ್: ಅಳತೆ ಕೊಟ್ಟು ಸಿಂಕ್, ಸ್ಟವ್ ಜಾಗ, ಅಂಚಿನ ಪಾಲಿಶ್ ಎಲ್ಲ ಗ್ರಾನೈಟ್ ಅಂಗಡಿಯಲ್ಲೇ ಮುಗಿಸಿ ತರಿಸಿ. ಬಾಲ್ಕನಿಯಲ್ಲಿ ಕೊಯ್ಯಿಸಿದ್ರೆ ಇಡೀ ಬ್ಲಾಕಿಗೆ ಸದ್ದು, ಧೂಳು. ಸಣ್ಣಪುಟ್ಟ ತಿದ್ದೋದು ಬೇಸ್‌ಮೆಂಟಲ್ಲಿ ಅಲ್ಲ (ಅಲ್ಲಿ ಇನ್ನೂ ಮೊಳಗುತ್ತೆ), ಹೊರಗೆ ಕಾಂಪೌಂಡ್ ಪಕ್ಕ.

ಗೋಡೆ ಟೈಲ್ಸ್: ನೇರ ಕೊಯ್ತಕ್ಕೆ ಕೈಯಲ್ಲಿ ಎಳೆಯೋ ಟೈಲ್ ಕಟರ್, ಗೀರಿ ಮುರಿಯೋದು, ಸದ್ದೇ ಇಲ್ಲ. ಸ್ವಿಚ್ ಬೋರ್ಡ್ ಜಾಗಕ್ಕೆ ಮಾತ್ರ ಮಷೀನ್. ಬ್ಲೇಡ್ ಹಲ್ಲಿಲ್ಲದ, ಅಂಚು ಪೂರ್ತಿ ಒಂದೇ ಇರೋದು ತನ್ನಿ. ಟೈಲ್ ಅಂಚೂ ಚಕ್ಕೆ ಏಳಲ್ಲ.

ಪ್ಲೈವುಡ್: 8x4 ಹಾಳೆಗಳನ್ನ ಮನೆಗೆ ತಂದು ಕೊಯ್ಯೋದು ಬಿಡಿ. ಕಟಿಂಗ್ ಪಟ್ಟಿ ಬರೆದುಕೊಟ್ರೆ ಪ್ಯಾನೆಲ್ ಸಾ ಇರೋ ಅಂಗಡಿಯಲ್ಲೇ ಕೊಯ್ದು, ಅಂಚಿಗೆ ಪಟ್ಟಿ ಹಾಕಿ ಕೊಡ್ತಾರೆ. ಮನೆಯಲ್ಲಿ ಬರೀ ಜೋಡಿಸೋದು.

ಡ್ರಿಲ್: ಮೊಂಡು ಬಿಟ್ಟಿನ ಮಾಮೂಲಿ ಹ್ಯಾಮರ್ ಡ್ರಿಲ್ ಕಾಂಕ್ರೀಟಿನ ಮೇಲೆ ಐದು ನಿಮಿಷ ಅರಚುತ್ತೆ. ಎಸ್‌ಡಿಎಸ್ ಬಿಟ್ (ಬುಡದಲ್ಲಿ ತೋಡು ಇರೋದು) ಹಿಡಿಯೋ ರೋಟರಿ ಹ್ಯಾಮರ್, ಹೊಸ ಬಿಟ್, ಅರ್ಧ ನಿಮಿಷದಲ್ಲಿ ಮುಗಿಸುತ್ತೆ. ಸದ್ದಿನ ಜೋರು ಅಷ್ಟೇ ಇರಬಹುದು, ಹೊತ್ತು ಹತ್ತರಲ್ಲೊಂದು. ಕಪಾಟು ನೇತುಹಾಕೋಕೆ ಉದ್ದ ರೈಲ್ ಹಾಕಿದ್ರೆ ತೂತುಗಳೂ ಕಡಿಮೆ. ಎಲ್ಲ ತೂತು ಮೊದಲೇ ಗುರುತು ಹಾಕಿ ಒಂದೇ ದಿನ ಕೊರೆದು ಮುಗಿಸಿ. ದಿನಕ್ಕೆ ಎರಡೆರಡು ಕೊರೆದ್ರೆ ಅಕ್ಕಪಕ್ಕದವರಿಗೆ ತಿಂಗಳಿಡೀ ಕೊರೆದಂಗೆ ಅನ್ಸುತ್ತೆ.

(ಮೈವಾನ್, ಅಂದ್ರೆ ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆ-ಸ್ಲ್ಯಾಬ್ ಎರಡನ್ನೂ ಕಾಂಕ್ರೀಟಲ್ಲೇ ಎರಕ ಹೊಯ್ದ ಕಟ್ಟಡದಲ್ಲಿರೋರು ಓದ್ತಿದ್ರೆ: ನಿಮ್ಮ ಗೋಡೆಗಳೂ ಕಾಂಕ್ರೀಟೇ. ಅದರಲ್ಲಿ ವೈರಿಂಗ್‌ಗೆ ಗ್ರೂವ್ ಹೊಡೆಯೋಕೆ ಹೋಗಬೇಡಿ, ಸರಳು ಕಟ್ಟಾಗುತ್ತೆ. ಮೇಲೆ ಕೇಸಿಂಗ್ ಓಡಿಸಿ.)

ಸಿ_ಬ್ಲಾಕ್_ಕಮಿಟಿ

ವೇಳಾಪಟ್ಟಿ ಕುರಿತು ಮಾತ್ರ. ಬೇಸಿಗೆಯಲ್ಲೇ ಎಲ್ಲರೂ ಕೆಲಸಕ್ಕೆ ಕೈ ಹಾಕುವುದಕ್ಕೆ ಕಾರಣವಿದೆ: ಮಕ್ಕಳಿಗೆ ರಜೆ, ಜೂನ್ ಮಳೆಗೆ ಮುಂಚೆ ವಾಟರ್‌ಪ್ರೂಫಿಂಗ್ ಒಣಗಬೇಕು. ಹಾಗಾಗಿ ತಡೆಯಲು ಹೋಗದೆ ಜೋಡಿಸುವುದು ಲೇಸು. ಬ್ರೇಕರ್, ಕೋರ್ ಕಟಿಂಗ್‌ಗೆ ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 5, ಉಳಿದ ಕೆಲಸ 9ರಿಂದ 6, ಭಾನುವಾರ ಬಂದ್. ಒಂದರ ಮೇಲೊಂದಿರುವ ಮನೆಗಳ ಸಾಲಿನಲ್ಲಿ ಒಂದು ಹೊತ್ತಿಗೆ ಒಂದೇ ಮನೆಗೆ ಒಡೆಯಲು ಅನುಮತಿ. ಒಡೆಯುವ ತಾರೀಖು ಮೂರು ದಿನ ಮುಂಚೆ ಲಿಫ್ಟಿನ ಪಕ್ಕ ಅಂಟಿಸಬೇಕು. ಈ ಕೊನೆಯದು ಒಂದೇ ಅರ್ಧ ಜಗಳ ಕಡಿಮೆ ಮಾಡುತ್ತದೆ.

ಕಾನೂನು ಕೇಳುವವರಿಗೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ವಸತಿ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ. 112ಕ್ಕೆ ಕರೆ ಮಾಡಬಹುದು. ಆದರೆ ಆ ಅಂಕಿಗಳು ಪ್ರದೇಶದ ಸರಾಸರಿ ಮಟ್ಟ. ಹಗಲು ಹನ್ನೊಂದಕ್ಕೆ ಮೇಲ್ಮನೆಯ ಡ್ರಿಲ್ಲನ್ನು ಫೋನಿನಲ್ಲಿ ಅಳೆದು 55 ದಾಟಿತು ಎಂದು ಕಮಿಟಿಗೆ ಸ್ಕ್ರೀನ್‌ಶಾಟ್ ಕಳಿಸುವುದರಿಂದ ಏನೂ ಆಗದು.

ಕೆಳಮನೆ_202

ಎಲ್ಲರಿಗೂ ಧನ್ಯವಾದ. ಫಾಲ್ಸ್ ಸೀಲಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ರಸ್ತೆ ಕಡೆಯ ಮಲಗುವ ಕೋಣೆಗೆ ಮುಂದೆ ಯಾವತ್ತಾದರೂ ಡಬಲ್ ಗಾಜು ಹಾಕಿಸಬೇಕೆಂದರೆ ಯಾವುದು? ಆಫೀಸ್ ಕಾಲ್‌ಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಸಾಕೇ?

ಶಬ್ದವೇಧಿ

ಸೀಲಿಂಗ್: ಜಿಐ ಪಟ್ಟಿಯಿಂದ ನೇರ ಸ್ಲ್ಯಾಬಿಗೆ ಬಿಗಿದ ಮಾಮೂಲಿ ಜಿಪ್ಸಂ ಸೀಲಿಂಗ್, ಅದರಲ್ಲಿ ಹನ್ನೆರಡು ದೀಪದ ತೂತು, ಇದು ಅಂದಕ್ಕೆ ಮಾತ್ರ. ಸ್ಲ್ಯಾಬಿನ ನಡುಕ ಅದೇ ಪಟ್ಟಿಯಲ್ಲಿ ಇಳಿದು ಬೋರ್ಡ್ ಮೊಳಗುತ್ತದೆ. ಕೆಲಸ ಮಾಡುವ ಬಗೆ ಬೇರೆ: ರಬ್ಬರ್ ಅಥವಾ ಸ್ಪ್ರಿಂಗ್ ಹ್ಯಾಂಗರ್, ಕನಿಷ್ಠ 100 ಎಂಎಂ ಟೊಳ್ಳು, ಒಳಗೆ 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು, ಘನಮೀಟರಿಗೆ 48 ಕೆಜಿಯದು), 12.5 ಎಂಎಂ ಜಿಪ್ಸಂ ಎರಡು ಪದರ, ಜೋಡಣೆ ಗೆರೆಗಳು ಒಂದರ ಮೇಲೊಂದು ಬಾರದ ಹಾಗೆ. ಬೋರ್ಡ್ ಗೋಡೆಗೆ ತಾಗಬಾರದು, ಸುತ್ತ 5 ಎಂಎಂ ಬಿಟ್ಟು ಮೆದುವಾಗಿಯೇ ಉಳಿಯುವ ಸೀಲೆಂಟ್ ತುಂಬಬೇಕು. ಫ್ಯಾನ್ ರಾಡ್ ಸ್ಲ್ಯಾಬಿನ ಕೊಕ್ಕೆಯಿಂದಲೇ ಇಳಿಯಬೇಕು, ಬೋರ್ಡಿಗೆ ತಗುಲಬಾರದು. ದೀಪ ಹೊರಗೆ ಕೂರುವಂಥದ್ದು. ಇಷ್ಟಾದರೂ ಲಾಭ ನಡಿಗೆ, ಕುರ್ಚಿ ಎಳೆತ, ಮಾತಿಗೆ ಚೆನ್ನಾಗಿ ಸಿಗುತ್ತದೆ. ಬ್ರೇಕರ್ ಗೋಡೆಗಳಲ್ಲಿ ಇಳಿದೇ ಬರುತ್ತದೆ.

ಕಿಟಕಿ: 5 ಎಂಎಂ ಒಂಟಿ ಗಾಜಿನ ಎಸ್‌ಟಿಸಿ (ಸದ್ದು ಎಷ್ಟು ತಡೆಯುತ್ತದೆ ಎನ್ನುವ ಅಂಕಿ) ಸುಮಾರು 29. ಜನ ದುಬಾರಿ ಕೊಟ್ಟು ಹಾಕಿಸುವ 6-12-6 ಡಬಲ್ ಗಾಜು (6 ಎಂಎಂ ಗಾಜು, 12 ಎಂಎಂ ಗಾಳಿ, 6 ಎಂಎಂ ಗಾಜು) ಸುಮಾರು 33-35, ಅಂದರೆ ನಾಲ್ಕರಿಂದ ಆರು ಅಂಕಿ ಏರಿಕೆ. ನಡುವಿನ 12 ಎಂಎಂ ಗಾಳಿ ಸೆಕೆಗೆ ಸರಿ, ಸದ್ದಿಗೆ ತೀರಾ ಕಿರಿದು. ಸದ್ದಿಗಾದರೆ, ಈಗಿರುವ ಕಿಟಕಿ ಇದ್ದಂತೇ ಇರಲಿ. ಒಳಬದಿಗೆ 100 ಎಂಎಂ ಬಿಟ್ಟು 6 ಎಂಎಂ ಅಥವಾ ಲ್ಯಾಮಿನೇಟೆಡ್ ಗಾಜಿನ ಇನ್ನೊಂದು ಕಿಟಕಿ, ಸ್ಲೈಡಿಂಗ್ ಅಲ್ಲ, ಕೀಲಿನ ಮೇಲೆ ತೆರೆದು ರಬ್ಬರಿಗೆ ಒತ್ತಿ ಮುಚ್ಚುವಂಥದ್ದು. ಇದು 10-15 ಡೆಸಿಬೆಲ್ ಹೆಚ್ಚು ಕೊಡಬಲ್ಲದು. 10 ಇಳಿದರೆ ಕಿವಿಗೆ ಅರ್ಧದಷ್ಟು ಎನಿಸುತ್ತದೆ. ಎರಡೂ ಗಾಜು ಒಂದೇ ದಪ್ಪ ಬೇಡ, ಎರಡೂ ಒಂದೇ ಸ್ವರಕ್ಕೆ ಸೋಲುತ್ತವೆ. ಆರ್ಡರ್ ಕೊಡುವ ಮುಂಚೆ ಗೋಡೆಯಲ್ಲಿ ಜಾಗ ಅಳೆಯಿರಿ. 6 ಇಂಚಿನ ಗೋಡೆಯಲ್ಲಿ ಚೌಕಟ್ಟು, ಅದರ ಹಿಂದೆ ಕಬ್ಬಿಣದ ಗ್ರಿಲ್ ಕೂತಿದ್ದರೆ ಒಳಗೆ ಉಳಿಯುವುದು ಎರಡೇ ಇಂಚು. ಆಗ ಹೊಸ ಚೌಕಟ್ಟನ್ನು ಗೋಡೆಯ ಒಳಮುಖಕ್ಕೆ ಪೆಟ್ಟಿಗೆಯಂತೆ ಕೂರಿಸಬೇಕಾಗುತ್ತದೆ.

ಹೆಡ್‌ಫೋನ್: ಜನರೇಟರ್, ಎಸಿ, ಬಸ್ಸಿನಂಥ ಒಂದೇ ಸಮನೆ ಗುಂಯ್‌ಗುಡುವುದಕ್ಕೆ ಅದು ಸರಿ, ಬ್ರೇಕರಿನ ಏಟಿಗೆ ಅಷ್ಟಿಲ್ಲ. ಅದಕ್ಕೆ ಫೋಮ್ ಇಯರ್ ಪ್ಲಗ್, ಮೇಲೆ ಇಯರ್ ಮಫ್. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಬತ್ತಿಯಂತೆ ಸಣ್ಣಗೆ ಮಾಡಿ, ಇನ್ನೊಂದು ಕೈಯಲ್ಲಿ ತಲೆಯ ಹಿಂದಿನಿಂದ ಕಿವಿ ಮೇಲಕ್ಕೆಳೆದು ತೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊರಗೇ ನಿಂತ ಪ್ಲಗ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಒಳಗೆ ಕೆಲಸ ಮಾಡುವ ಹುಡುಗರಿಗೂ ಎರಡು ಜೊತೆ ಕೊಡಿ. ಅವರ ಕಿವಿಯ ಹತ್ತಿರ 95-100 ಡೆಸಿಬೆಲ್ ಇರುತ್ತದೆ. 85ರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಸುರಕ್ಷಿತ ಹೊತ್ತು ಅರ್ಧವಾಗುತ್ತದೆ: 85ಕ್ಕೆ 8 ಗಂಟೆ, 100ಕ್ಕೆ ಹದಿನೈದೇ ನಿಮಿಷ.

ತೂಗುಗುಂಡು

ಕಾಲ್ ಇದ್ದಾಗ ಬ್ರೇಕರ್ ಬೇಡ ಅಂತ ಮೇಸ್ತ್ರಿ ನಂಬರ್ ತಗೊಂಡು ಹಿಂದಿನ ಸಂಜೆನೇ ಹೇಳಿ. ಆ ಒಂದು ಗಂಟೆ ಅವರು ಚೂರು ಹೊರೋದು, ಗಾರೆ ಕಲಸೋದು ಇಟ್ಕೋತಾರೆ. ಕೆಲಸ ನಡೀತಿದ್ದಾಗ ಬಂದು ಬಾಗಿಲು ಬಡಿದ್ರೆ ಕೂಲಿ ಹೋಗುತ್ತೆ ಅನ್ನೋ ಸಿಟ್ಟಿಗೆ ಯಾರೂ ನಿಲ್ಲಿಸಲ್ಲ.